ರವಿವಾರದ ಕಂಬ

ಎಪ್ಪತ್ತು ಕಳವುಗಳನ್ನು ವಾರದ ಏಳು ದಿನಗಳಿಗೆ ಹಂಚಿದರೆ ದಿನಕ್ಕೆ ಹತ್ತು ಬರಬೇಕು. ಇಷ್ಟಕ್ಕೆ ಕಾಲೇಜು ಬೇಕಾಗಿಲ್ಲ, ಕೈಬೆರಳು ಸಾಕು. ಆದರೆ ಸಾರಿಕಾಳ ಲ್ಯಾಪ್‌ಟಾಪಿನಲ್ಲಿ ರವಿವಾರದ ಪಾಲಿಗೆ ಮೂವತ್ತನಾಲ್ಕು ಬಂದಿದ್ದವು. ಉಳಿದ ದಿನಗಳಿಗೆ ಐದು, ಆರು, ಹೆಚ್ಚೆಂದರೆ ಏಳು. ಚಾರ್ಟಿನಲ್ಲಿ ಆರು ಕಂಬಗಳು ಕುಳಿತಂತಿದ್ದವು, ರವಿವಾರದ್ದೊಂದೇ ಎದ್ದು ನಿಂತಿತ್ತು.

ಸಾರಿಕಾ ಅಕ್ಕಲಕೋಟದಿಂದ ಎಂಟು ಮೈಲು ಆಚೆಯ ಊರಿನ ರೈತ ಸಾತಲಿಂಗಪ್ಪನ ಒಬ್ಬಳೇ ಮಗಳು. ಸೊಲ್ಲಾಪುರದ ಕಾಲೇಜೊಂದರಲ್ಲಿ ಅಪರಾಧ ವಿಶ್ಲೇಷಣೆ ಎಂಬ ಹೊಸ ಕೋರ್ಸಿನ ಎರಡನೆಯ ವರ್ಷದಲ್ಲಿದ್ದಳು. ಇರಲು ವಿಜಾಪುರ ರಸ್ತೆಯಲ್ಲೊಂದು ಬಾಡಿಗೆ ಕೋಣೆ. ಮಗಳು ಏನು ಕಲಿಯುತ್ತಾಳೆಂದು ಊರಲ್ಲಿ ಯಾರಾದರೂ ಕೇಳಿದರೆ ಸಾತಲಿಂಗಪ್ಪ "ಚೋರರನ್ನ ಎಣಸೂದು" ಎನ್ನುತ್ತಿದ್ದ, ಕೇಳಿದವರು ನಗುತ್ತಿದ್ದರು. ಎಣಿಸಲು ಅವಳು ಆರಿಸಿಕೊಂಡದ್ದು ತಾಲೂಕಿನ ಒಂದು ಪೊಲೀಸ್ ಠಾಣೆಯಲ್ಲಿ ವರ್ಷವಿಡೀ ದಾಖಲಾದ ಬಾವಿ ಮೋಟಾರಿನ ಕೇಬಲ್ ಕಳವುಗಳನ್ನು. ಠಾಣೆಯ ಹೆಸರು ಇಲ್ಲಿ ಬೇಡ. ಹೇಳಿದರೆ ಅಲ್ಲಿಯವರು ಕತೆ ಹೇಳುವವರನ್ನೇ ಚೌಕಶಿಗೆ ಕರೆದಾರು.

ಅವಳ ಮಾರ್ಗದರ್ಶಕಿ ನಂದಾ ಮ್ಯಾಡಮ್. ಸೊಲ್ಲಾಪುರದ ವ್ಯಾಪಾರಿ ಮನೆತನದವರು, ಪಾಠ ಮರಾಠಿಯಲ್ಲಿ, ಸಿಟ್ಟು ಕನ್ನಡದಲ್ಲಿ. ಮೊದಲ ದಿನವೇ ಅವರು ಹಾಕಿದ ಕಟ್ಟಳೆ, ಯಾದಿಯಿಂದ ಎಲ್ಲ ಹೆಸರು ಅಳಿಸಬೇಕು, ಗುನ್ಹಾ ನಂಬರು, ಎಂದರೆ ಅಪರಾಧ ದಾಖಲಾದ ಸಂಖ್ಯೆ, ಮಾತ್ರ ಇರಬೇಕು. "ಹೆಸರಿದ್ರ ನಿನ್ನ ಮನಸ್ಸು ಹೆಸರಿನ ಹಿಂದ ಓಡ್ತದ, ಅಂಕಿ ಹಿಂದ ಅಲ್ಲ," ಎಂದಿದ್ದರು. ಸಾರಿಕಾ ಹಾಗೆಯೇ ಮಾಡಿದಳು. ದಿನಗಳ ನಡುವಿನ ವ್ಯತ್ಯಾಸ ಬರೀ ಕಾಕತಾಳೀಯವೋ ಅಲ್ಲವೋ ಎಂದು ನೋಡುವ ಪರೀಕ್ಷೆಯೊಂದಿದೆ. ಅದರಲ್ಲಿ ಹನ್ನೆರಡೂವರೆ ದಾಟಿದರೆ ಕಾಕತಾಳೀಯವಲ್ಲ ಎಂದರ್ಥ. ಅವಳದು ಅರವತ್ತೇಳೂವರೆ ಬಂದಿತ್ತು. ಅಂದು ಅವಳು ಕುಣಿಯುವುದೊಂದು ಬಾಕಿ. ಆ ಖುಷಿಯಲ್ಲೇ ಮಧ್ಯಂತರ ವರದಿಯ ಕೊನೆಗೆ ಒಂದು ಸಾಲು ಸೇರಿಸಿದಳು: ರವಿವಾರ ಮಾತ್ರ ಈ ಊರುಗಳಿಗೆ ಬಂದು ಹೋಗುವವರ ಮೇಲೆ ಗಮನವಿಡುವುದು ಸೂಕ್ತ. ಮ್ಯಾಡಮ್ ಸಹಿ ಹಾಕಿದರು. ದಾಖಲೆ ಕೊಟ್ಟ ಉಪಕಾರಕ್ಕೆಂದು ವರದಿಯ ಒಂದು ಪ್ರತಿ ಠಾಣೆಗೂ ಹೋಯಿತು.

ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ವಾರದ ಮಂಗಳವಾರ ಮುಂಜಾನೆ ಠಾಣೆಯ ಪಿಎಸ್ಐ ಯುವರಾಜ ಸಾಹೇಬರ ಫೋನು ಬಂತು.

"ನಿಮ್ಮ ಚಾರ್ಟ್ ಭಾರಿ ಕೆಲಸಕ್ಕ ಬಂತು ನೋಡ್ರಿ. ರವಿವಾರಕ್ಕೊಮ್ಮಿ ಬರಾಂವ ಒಬ್ಬನ ಅದಾನ. ನಿನ್ನಿಲಿಂದ ಕರಸಿ ಕುಂದರಸೀನಿ."

"ಯಾರ್ರಿ ಸರ್ ಅಂವ?"

"ಅಮೋಲ ಅಂತ. ಕಂದಲಗಾಂವದಾಂವ, ಎಂಐಡಿಸಿದಾಗ ಮೋಟಾರ ವೈಂಡಿಂಗ ಮಾಡ್ತಾನ. ಶುಕ್ರವಾರ ನಿಮ್ಮ ಪ್ರೆಸೆಂಟೇಶನ್ ಮುಗೀಲಿ, ಅವತ್ತ ಸಂಜೀಕ ಅರೆಸ್ಟ್ ತೋರಸ್ತೀನಿ. ನಿಮ್ಮ ಹೆಸರೂ ಮ್ಯಾಲಿನವರಿಗಿ ಬರದು ಕಳಸ್ತೀನಿ. ಜಿಲ್ಲಾ ಕಚೇರ್ಯಾಗ ಇಂಥಾ ಕೆಲಸಕ್ಕ ಮಂದಿ ಬೇಕಾಗ್ಯಾರ."

ಫೋನು ಇಟ್ಟ ಮೇಲೆ ಸಾರಿಕಾಳಿಗೆ ಮೊದಲು ಹೊಳೆದದ್ದು ಅಮೋಲನ ವಿಚಾರವಲ್ಲ. ನನ್ನ ಲೆಕ್ಕ ಸರಿ ಇತ್ತು ಎಂಬುದು ಹೊಳೆಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಆಕೆಯೂ ಮನುಷ್ಯಳೇ. ಅಮೋಲನ ಮುಖ ನೆನಪಾದದ್ದು ಆಮೇಲೆ. ಅವರ ಹೊಲದ ಮೋಟಾರು ಸುಟ್ಟಾಗೆಲ್ಲ ರವಿವಾರ ಬಂದು ಬಿಚ್ಚಿ, ತಾಮ್ರದ ತಂತಿ ಸುತ್ತಿ, ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು ಹೋಗುವ ಅಮೋಲ. ವಾರದ ಆರು ದಿನ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಅಂಗಡಿಯಲ್ಲಿ ದುಡಿದು, ರಜೆಯ ದಿನ ಹಳ್ಳಿ ತಿರುಗುವವನು. ರವಿವಾರ ಮಾತ್ರ ಬಂದು ಹೋಗುವವರು ಎಂದು ಬರೆಯುವಾಗ ಅವನೊಬ್ಬನೇ ಹಾಗೆ ಬರುವವನೆಂದು ತನಗೇಕೆ ಹೊಳೆಯಲಿಲ್ಲವೋ. ಗೊತ್ತಿದ್ದ ಮುಖ ಎಂದು ಅಂಕಿಯನ್ನು ಬಿಡಬಾರದು, ಅದೇ ಮೊದಲ ಪಾಠ ಎಂದು ತನಗೆ ತಾನೇ ಹೇಳಿಕೊಂಡಳು. ಕದ್ದಿರಲೂಬಹುದು. ತಾಮ್ರ ಅವನ ಕಸುಬೇ ತಾನೇ. ಹೀಗೆ ಹೇಳಿಕೊಳ್ಳುತ್ತಲೇ ಮಧ್ಯಾಹ್ನದ ಊಟವನ್ನು ಅರ್ಧಕ್ಕೇ ಬಿಟ್ಟೆದ್ದಳು.

ಬುಧವಾರ ರಜಿಸ್ಟರ್ ತಾಳೆ ನೋಡುವ ನೆವ ಮಾಡಿಕೊಂಡು ಠಾಣೆಗೆ ಹೋದಳು. ಒಳಗೆ ಗೋಡೆಗೊರಗಿದ ಬಾಕಿನ ಮೇಲೆ ಅಮೋಲ ಕುಳಿತಿದ್ದ. ಯಾರೂ ಅವನನ್ನು ಹೊಡೆದಿರಲಿಲ್ಲ, ಬೈದಿರಲೂ ಇಲ್ಲ. ಮುಂಜಾನೆ ಹತ್ತಕ್ಕೆ ಬಂದು ಕುಳಿತುಕೊಳ್ಳಬೇಕು, ಸಂಜೆ ಬಿಟ್ಟಾಗ ಹೋಗಬೇಕು, ಅಷ್ಟೇ. ಅವಳನ್ನು ಕಂಡು ಎದ್ದು ನಿಂತು, "ಅರಾಮ ಅದೀರಿ ಅಕ್ಕಾರ?" ಎಂದು ಕೇಳಿದ. ಹೂಂ ಎಂದಳು. ನೀನು ಹೇಗಿದ್ದೀ ಎಂದು ಕೇಳದೆ ರಜಿಸ್ಟರಿನ ಕಡೆ ತಿರುಗಿದಳು.

ಹೊರಗೆ ಬೇವಿನ ಗಿಡದ ಕೆಳಗೆ ಅವನ ತಾಯಿ ಸುಗಲಾಬಾಯಿ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಸಾರಿಕಾಳ ಸೆರಗು ಹಿಡಿಯುವಷ್ಟು ಹತ್ತಿರ ಬಂದಳು.

"ನೀ ಸಾತಲಿಂಗಪ್ಪ ಗೌಡ್ರ ಮಗಳಲ್ಲೇನವಾ? ನನ್ನ ಮಗನ ಹೆಸರ ಯಾವದೋ ಕಾಗದದಾಗ ಬಂದದಂತ. ಕಾಗದದಾಗ ಬಂದದ್ದ ಸುಳ್ಳ ಹೆಂಗ ಆಗ್ತದ ಅಂತಾರ ಸಾಹೇಬ್ರು. ಮೂರು ದಿನ ಆತು ಅಂವ ಕೆಲಸಕ್ಕ ಹೋಗಿಲ್ಲ, ಮಾಲಕ ಬ್ಯಾರೆದಾವನ್ನ ನೋಡ್ತೀನಂತ ಫೋನ್ ಮಾಡ್ಯಾನ. ನೀ ಸಾಲಿ ಕಲತಾಕಿ. ಅದರಾಗ ಏನ ಬರದದ ಒಂದೀಟ ಓದಿ ಹೇಳವಾ."

"ನೋಡ್ತೀನಿ ಆಯಿ," ಎಂದಳು ಸಾರಿಕಾ. ಆ ಕಾಗದ ಅವಳ ಬ್ಯಾಗಿನಲ್ಲೇ ಇತ್ತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ.

ಸೊಲ್ಲಾಪುರಕ್ಕೆ ಹಿಂದಿರುಗುವ ಧೈರ್ಯವಾಗದೆ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದಳು. ಅವ್ವ ಗುರಮ್ಮ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಅಮೋಲನನ್ನು ಠಾಣೆಯಲ್ಲಿ ಕೂರಿಸಿದ್ದಾರೆಂದು ಕೇಳಿ ಮೊರ ಕೆಳಗಿಟ್ಟಳು.

"ಅಂವ ಯಾಕ ಕೇಬಲ್ ಕಡೀತಾನ? ನಮ್ಮ ಕೇಬಲ್ ಹೋದಾಗ ಹೊಸಾ ವೈರ ಜೋಡಿಸಿದಾಂವನ ಅಂವ. ಅಲ್ಲೇನ?" ಎಂದು ಗಂಡನನ್ನು ಕೇಳಿದಳು.

"ಹೌದು. ಶನಿವಾರ ಫೋನ್ ಮಾಡಿದ್ದೆ, ರವಿವಾರ ಮಧ್ಯಾಹ್ನ ಬಂದು ಜೋಡಿಸಿ ಹೋದ," ಎಂದ ಸಾತಲಿಂಗಪ್ಪ.

ಅವ್ವನ ಜೊತೆ ಹಸನು ಮಾಡಲು ಕುಳಿತಿದ್ದ ಸಾರಿಕಾಳ ಕೈ ತೊಗರಿಯಲ್ಲಿ ನಿಂತಿತು. "ಅವ್ವಾ, ನಮ್ಮ ಕೇಬಲ್ ಹೋದದ್ದು ಯಾವತ್ತ?"

"ಮರತಿ ಏನ? ಎಳ್ಳಮಾಸಿ ಶುಕ್ರವಾರ ಇತ್ತು, ಎಲ್ಲಾರೂ ಹೊಲಕ್ಕ ಹೋಗಿದ್ದೆವು. ಭಜ್ಜಿ ಗಡಗಿ ಅಲ್ಲೇ ಉಳದಿತ್ತು. ಶನಿವಾರ ಮುಂಜಾನೆ ತರಾಕ ಹೋದ್ರ ಬಾವಿ ಮ್ಯಾಲಿನ ಕೇಬಲ್ ಇರಲಿಲ್ಲ. ನೀನೂ ಇದ್ದಿ."

ಇದ್ದಳು. ಎಳ್ಳಮಾವಾಸ್ಯೆಗೆಂದು ಬಂದವಳು, ಗಡಿಗೆ ಹೊತ್ತು ತಂದವಳೂ ಅವಳೇ. ಲ್ಯಾಪ್‌ಟಾಪು ತೆರೆದು ಡಿಸೆಂಬರಿಗೆ ಹೋದಳು. ಆ ತಿಂಗಳು ಅವರ ಊರಿಂದ ದಾಖಲಾದದ್ದು ಒಂದೇ ಕಳವು. ನಲವತ್ತೊಂದನೆಯ ಸಾಲು. ಹೆಸರಿಲ್ಲ, ನಂಬರು ಮಾತ್ರ. ಕಳವಾದ ವಸ್ತು, ಇನ್ನೂರು ಅಡಿ ಕೇಬಲ್. ಗುನ್ಹೆ ನಡೆದ ಸಮಯ, ರವಿವಾರ ರಾತ್ರಿ. ತಮ್ಮ ಮನೆಯ ಕಳವನ್ನು ತಾನೇ ಹೆಸರು ಅಳಿಸಿ, ತಾನೇ ಎಣಿಸಿ, ರವಿವಾರದ ಕಂಬಕ್ಕೆ ಸೇರಿಸಿದ್ದಳು. ರವಿವಾರ ಮಧ್ಯಾಹ್ನ ಯಾವ ಕೇಬಲ್ಲಿನ ಬದಲಿಗೆ ಅಮೋಲ ಹೊಸದನ್ನು ಹಾಕಿದ್ದನೋ ಅದೇ ಕೇಬಲ್ಲು, ಸರಕಾರಿ ಕಾಗದದ ಪ್ರಕಾರ, ಅವನು ಹೋದ ಮೇಲೆ ರಾತ್ರಿ ಕಳವಾಗಿತ್ತು.

"ಅಪ್ಪಾ, ಠಾಣೇಕ ತಕ್ರಾರ ಯಾವತ್ತ ಕೊಟ್ಟಿ?"

"ಸೋಮಾರ. ಮತ್ತ ಯಾವತ್ತ ಕೊಡ್ತಾರ?"

ಆ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಈಗ ಟ್ರ್ಯಾಕ್ಟರು ಬಂದು ಎಷ್ಟೋ ಮನೆಗಳಲ್ಲಿ ಎತ್ತುಗಳೇ ಇಲ್ಲ, ಆದರೂ ಸೋಮವಾರದ ಬಿಡುವು ಹಾಗೇ ಉಳಿದಿದೆ. ಬ್ಯಾಂಕು, ತಹಸೀಲ, ದವಾಖಾನೆ, ಬೀಗರ ಮನೆ, ಎಲ್ಲವೂ ಸೋಮವಾರವೇ. ಠಾಣೆಯೂ ಅಷ್ಟೇ. ಕೇಬಲ್ಲು ಮಂಗಳವಾರ ಹೋದರೂ ಗುರುವಾರ ಹೋದರೂ ರೈತ ಮೆಟ್ಟು ಮೆಟ್ಟಿ ಹೊರಡುವುದು ಸೋಮವಾರ. ಇದು ಸಾರಿಕಾಳಿಗೆ ಹುಟ್ಟಿದಂದಿನಿಂದ ಗೊತ್ತು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಪೇಟೆ ನೋಡಿದ್ದೆಲ್ಲ ಸೋಮವಾರವೇ. ನಾನೂರು ಪುಟದ ಸಂಖ್ಯಾಶಾಸ್ತ್ರ ಓದಿದವಳಿಗೆ ಅದೊಂದು ನೆನಪಾಗಿರಲಿಲ್ಲ.

"ಮತ್ತ ರವಿವಾರ ರಾತ್ರಿ ಅಂತ ಯಾಕ ಬರಸಿದಿ?"

"ನಾ ಎಲ್ಲಿ ಬರಸಿದೆ? ನಿನ್ನಿ ರಾತ್ರಿ ಹೋಗ್ಯದಲ್ಲ ಅಂದ ಹವಾಲದಾರ. ಹೂಂ ಅಂದೆ. ಹೋದದ್ದು ಹೋಗ್ಯದ, ಶನಿವಾರ ಆದ್ರೇನು, ರವಿವಾರ ಆದ್ರೇನು."

ಆದರೇನು ಎಂದು ಅವಳು ವಿವರಿಸಿದಳು. ಚಾರ್ಟು ತೋರಿಸಿದಳು, ಕೊನೆಯ ಸಾಲನ್ನು ಓದಿದಳು, ಶುಕ್ರವಾರ ಸಂಜೆ ಏನಾಗಲಿದೆ ಎಂದೂ ಹೇಳಿದಳು. ಈ ಒಂದು ಸಾಲನ್ನು ಎಲ್ಲರೆದುರು ತೋರಿಸಬೇಕಾಗುತ್ತದೆ, ನಿನ್ನ ಹೆಸರು ಹೇಳಬೇಕಾಗುತ್ತದೆ ಎಂದಳು.

"ಸಹಿ ನಂದ ಅದ," ಎಂದ ಸಾತಲಿಂಗಪ್ಪ. "ಸುಳ್ಳ ತಾರೀಖಿಗಿ ಸಹಿ ಹಾಕಿದಾಂವ ಅಂತ ಅದ ಬಾಕಿನ ಮ್ಯಾಲ ನನ್ನ ಕುಂದರಸ್ತಾರ. ಈ ವಯಸ್ಸಿನಾಗ ಅದೊಂದು ಆಗಬೇಕೇನ?" ಎದ್ದು ಹೊರಗೆ ಹೋದ. ಸಾರಿಕಾಳಿಗೆ ಅಳು ಬಂತು. ಅಪ್ಪನದು ಹೆದರಿಕೆ, ತನ್ನದೂ ಹೆದರಿಕೆ, ಬಾಕಿನ ಮೇಲೆ ಕುಳಿತವನು ಮಾತ್ರ ಅರಾಮ ಅದೀರಿ ಎಂದು ಕೇಳಿದ್ದ.

ಮುಂಜಾನೆ ಅವಳು ಎದ್ದು ಹೊರಬರುವಷ್ಟರಲ್ಲಿ ಅಪ್ಪ ಮೋಟಾರ್ ಸೈಕಲ್ ಒರೆಸುತ್ತಿದ್ದ. ಗುರುವಾರ, ಹೊಲದಲ್ಲಿ ಕಡಲೆ ರಾಶಿ ಮಾಡುವ ಆಳುಗಳು ಕಾಯುತ್ತಿದ್ದರು.

"ನಮ್ಮದೊಂದ ಹಿಂಗ ಆಗ್ಯದೋ ಎಲ್ಲಾರ್ದೂ ಹಿಂಗೋ, ನೋಡಬೇಕಲ್ಲ," ಎಂದ. "ನೀ ಒಬ್ಬಾಕಿ ಹೋದ್ರ ಯಾರೂ ಬಾಯಿ ಬಿಡಂಗಿಲ್ಲ. ಕುಂದ್ರು."

ತಮ್ಮ ಊರೂ ಸೇರಿ ಮೂರು ಊರುಗಳಲ್ಲಿ ರವಿವಾರದ ಕಂಬಕ್ಕೆ ಸೇರಿದ ಹನ್ನೊಂದು ಮನೆಗಳನ್ನು, ಯಾದಿಯಲ್ಲಿ ಹೆಸರಿಲ್ಲದ್ದರಿಂದ ಊರವರನ್ನು ಕೇಳುತ್ತ, ಅವರು ಹುಡುಕಿದರು. ಯಾರಿಗೂ ತಾರೀಖು ನೆನಪಿರಲಿಲ್ಲ, ಆದರೆ ದಿನ ನೆನಪಿತ್ತು. ಒಬ್ಬನ ಕೇಬಲ್ಲು ಬಸುರಿ ಸೊಸೆಯ ಕುಬಸದ ಮರುದಿನ ಹೋಗಿತ್ತು, ಕುಬಸ ಮಂಗಳವಾರ. ಇನ್ನೊಬ್ಬನದು ಏಕಾದಶಿಯ ರಾತ್ರಿ. ಇನ್ನೊಬ್ಬಳು ಆಕಳು ಕರು ಹಾಕಿದ ದಿನದಿಂದ ಬೆರಳು ಮಡಿಚುತ್ತ ಬಂದು ಗುರುವಾರಕ್ಕೆ ನಿಲ್ಲಿಸಿದಳು. ಪ್ರತಿ ಮನೆಯಲ್ಲೂ ಚಹಾ, ಪ್ರತಿ ಮನೆಯಲ್ಲೂ ಅಪ್ಪನ ಅದೇ ಮಾತು: "ಹೆದರಬ್ಯಾಡ್ರಿ, ನಾನೂ ಹೂಂ ಅಂದಾಂವನ." ಸಂಜೆ ಎಣಿಸಿದಾಗ ಹನ್ನೊಂದರಲ್ಲಿ ನಿಜವಾಗಿ ರವಿವಾರ ರಾತ್ರಿ ಹೋದದ್ದು ಎರಡು.

ದಾರಿಯಲ್ಲೇ ಠಾಣೆ. ಹವಾಲದಾರ ಚನ್ನವೀರಪ್ಪ ರಜಿಸ್ಟರ್ ಬರೆಯುವವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅವಳ ಪ್ರಶ್ನೆ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಡಾ ಯಾಕಾತು ಅಂತ ಒಂದು ಕಾಲಂ ಅದವಾ. ಅದು ತುಂಬಿದ್ರ ಮ್ಯಾಲಿಂದ ಪತ್ರದ ಮ್ಯಾಲ ಪತ್ರ ಬರ್ತಾವ. ನಿನ್ನಿ ರಾತ್ರಿ ಅಂತ ಬರದ್ರ ಯಾರಿಗೂ ತ್ರಾಸ ಇಲ್ಲ. ಹನ್ನೆರಡು ವರ್ಷ ಹಿಂಗ ಬರದೀನಿ. ಯಾರೂ ಎಣಸಿ ನೋಡಿರಲಿಲ್ಲ." ಕನ್ನಡಕ ಮತ್ತೆ ಹಾಕಿಕೊಂಡು, "ನನ್ನ ಹೆಸರ ಹಾಕಬ್ಯಾಡವಾ," ಎಂದರು.

"ಹಾಕಂಗಿಲ್ರಿ ಕಾಕಾ," ಎಂದಳು. ಹೆಸರು ಹಾಕದೆಯೂ ಒಬ್ಬನನ್ನು ತಂದು ಕೂರಿಸಬಹುದೆಂದು ಅವಳಿಗೆ ಈಗ ಗೊತ್ತಿತ್ತು. ಬಾಕಿನ ಕಡೆ ನೋಡದೆ ಹೊರಬಂದಳು.

ಆ ಸಂಜೆಯೇ ನಂದಾ ಮ್ಯಾಡಮ್‌ಗೆ ಫೋನು ಮಾಡಿ ಎಲ್ಲ ಹೇಳಿದಳು.

"ಅಗ ಸಾರಿಕಾ, ಆ ವರದಿಗಿ ನಾನೂ ಸಹಿ ಹಾಕೀನಿ," ಎಂದರು ಮ್ಯಾಡಮ್. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಾನ ಕೇಳಬೇಕಾಗಿತ್ತು, ಈ ತಾರೀಖ ಯಾರು ಬರೀತಾರ, ಹೆಂಗ ಬರೀತಾರ ಅಂತ. ಕೇಳಲಿಲ್ಲ. ಈಗ ನಾಳಿಗಿ ಏನ ಮಾಡ್ತಿ? ಕೊನಿಗಿ ಮಿತಿಗಳು ಅಂತ ಒಂದು ಪುಟ ಇರ್ತದಲ್ಲ, ಅದರಾಗ ಒಂದು ಸಾಲ ಹಾಕಿದ್ರ ನಿನ್ನ ಡಿಗ್ರಿ ಉಳೀತದ. ಎಲ್ಲಾರೂ ಹಂಗ ಮಾಡ್ತಾರ. ನಾ ಹೇಳಾಕತ್ತಿಲ್ಲ ಹಂಗ ಮಾಡು ಅಂತ. ದಾರಿ ಅದ ಅಂತ ಹೇಳಿದೆ."

ದಾರಿಯೇನೋ ಇತ್ತು, ಚೊಕ್ಕ ದಾರಿ. ದಾಖಲಾದ ತಾರೀಖುಗಳಲ್ಲಿ ಅಲ್ಪ ವ್ಯತ್ಯಾಸ ಇರುವ ಸಾಧ್ಯತೆಯಿದೆ. ಹೀಗೊಂದು ವಾಕ್ಯ, ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ. ಯಾರೂ ಸುಳ್ಳು ಎನ್ನುವಂತಿಲ್ಲ. ಯುವರಾಜ ಸಾಹೇಬರು ಆ ಪುಟ ಬರುವ ಮೊದಲೇ ಚಪ್ಪಾಳೆ ತಟ್ಟಿ ಎದ್ದಿರುತ್ತಾರೆ. ಸಾರಿಕಾ ಆ ವಾಕ್ಯವನ್ನು ಟೈಪು ಮಾಡಿಯೂ ನೋಡಿದಳು. ಮೂರು ಸಲ ಅಳಿಸಿ, ಮೂರು ಸಲ ಬರೆದಳು. ನಾಲ್ಕನೆಯ ಸಲ ಬರೆಯಲಿಲ್ಲ.

ಶುಕ್ರವಾರ ಕಾಲೇಜಿನ ಸಭಾಗೃಹದಲ್ಲಿ ಇಪ್ಪತ್ತೈದು ಜನರಿದ್ದರು. ಮುಂದಿನ ಸಾಲಿನಲ್ಲಿ ಪರೀಕ್ಷಕರು, ಅವರ ಪಕ್ಕ ಯುವರಾಜ ಸಾಹೇಬರು. ಎಲ್ಲಕ್ಕೂ ಹಿಂದೆ, ಬಾಗಿಲ ಬಳಿ, ಮದುವೆಗೆ ಹೊರಟವನಂತೆ ಇಸ್ತ್ರಿಯ ಧೋತರ ಉಟ್ಟು, ಟೋಪಿ ಇಟ್ಟು ಸಾತಲಿಂಗಪ್ಪ ಕುಳಿತಿದ್ದ. ಬರುತ್ತೇನೆಂದು ಅವನು ಹೇಳಿರಲಿಲ್ಲ. ಸಾರಿಕಾ ಮರಾಠಿಯಲ್ಲಿ ಮಾತು ತೆಗೆದಳು. ಮೊದಲ ಚಿತ್ರವೇ ರವಿವಾರದ ಕಂಬ.

"ಈ ಕಂಬ ಸುಳ್ಳು," ಎಂದಳು. "ಇದು ಕಳವಾದ ದಿನವಲ್ಲ, ರೈತರಿಗೆ ಬಿಡುವಿದ್ದ ದಿನದ ಹಿಂದಿನ ರಾತ್ರಿ."

ಆಮೇಲೆ ನಲವತ್ತೊಂದನೆಯ ಸಾಲು ತೋರಿಸಿದಳು. ಎಳ್ಳಮಾವಾಸ್ಯೆಯ ಶುಕ್ರವಾರ, ಗಡಿಗೆ ತರಲು ಹೋದ ಶನಿವಾರ, ಹೊಸ ಕೇಬಲ್ ಜೋಡಿಸಿದ ರವಿವಾರ ಮಧ್ಯಾಹ್ನ, ತಕ್ರಾರು ಕೊಟ್ಟ ಸೋಮವಾರ. ಈ ಸಾಲು ನಮ್ಮ ಮನೆಯದು, ನನ್ನ ತಂದೆ ಹಿಂದೆ ಕುಳಿತಿದ್ದಾರೆ ಎಂದಳು. ತಲೆಗಳೆಲ್ಲ ಹಿಂದೆ ತಿರುಗಿದವು. ಸಾತಲಿಂಗಪ್ಪ ಎದ್ದು ನಿಂತು, ಕೈ ಮುಗಿದು, ಮತ್ತೆ ಕುಳಿತ. ಹನ್ನೊಂದು ಮನೆಗಳ ಲೆಕ್ಕವನ್ನೂ ಹೇಳಿದಳು. ಹವಾಲದಾರರ ಹೆಸರು ಹೇಳಲಿಲ್ಲ. ಮಧ್ಯಂತರ ವರದಿಯ ಕೊನೆಯ ಸಾಲನ್ನು ಹಿಂದೆಗೆದುಕೊಳ್ಳುತ್ತೇನೆ, ಅದನ್ನು ಬರೆದವಳು ನಾನೇ ಎಂದು ಮುಗಿಸಿದಳು.

ಯುವರಾಜ ಸಾಹೇಬರು ಕನ್ನಡದಲ್ಲೇ ಕೇಳಿದರು: "ಹಂಗಾದ್ರ ಚೋರ ಯಾರು?"

"ಗೊತ್ತಿಲ್ರಿ ಸರ್."

ಎರಡು ವರ್ಷ ಕಲಿತು ಈ ಎರಡು ಶಬ್ದ ಹೇಳುವುದಕ್ಕೆ ಅವಳಿಗೆ ಇಡೀ ಮೈಯ ಬಲ ಬೇಕಾಯಿತು. ಸಾಹೇಬರು ಫೈಲು ಮುಚ್ಚಿ ಹೊರಗೆ ಹೋದರು. ಕಾರಿಡಾರಿನಿಂದ ಅವರ ದನಿ ಕೇಳಿಸಿತು, "ಆ ಹುಡುಗನ್ನ ಮನಿಗಿ ಕಳಸ್ರಿ." ಜಿಲ್ಲಾ ಕಚೇರಿಯ ಮಾತು ಅವರು ಮತ್ತೆ ಎತ್ತಲಿಲ್ಲ. ಪರೀಕ್ಷಕರು ತಮ್ಮತಮ್ಮಲ್ಲಿ ಮಾತಾಡಿ, ಕೆಲಸ ಹೊಸದಾಗಿ ಮಾಡಿ ಮುಂದಿನ ಸೆಮಿಸ್ಟರಿಗೆ ತರಬೇಕೆಂದರು. ನಂದಾ ಮ್ಯಾಡಮ್ ಅವಳ ಭುಜದ ಮೇಲೆ ಕೈಯಿಟ್ಟರು. ಹಿಂದಿರುಗುವಾಗ ಅಪ್ಪ ಅವಳಿಗೆ ಉಸುಳಿ ಪಾವು ಕೊಡಿಸಿದ. ಅವಳು ಅಂದು ಹೊಟ್ಟೆ ತುಂಬ ತಿಂದಳು, ಮುಗಿಯಿತು ಎಂದುಕೊಂಡಳು.

ಹದಿನೈದು ದಿನಕ್ಕೆ ಅವರ ಹೊಲದ ಮೋಟಾರು ಸುಟ್ಟಿತು. ಸಾರಿಕಾ ಊರಲ್ಲೇ ಇದ್ದಳು, ಮನೆಮನೆಗೆ ಹೋಗಿ ನಿಜವಾದ ದಿನ ಕೇಳಿ ಬರೆದುಕೊಳ್ಳುವ ಕೆಲಸ ಸುರುವಾಗಿತ್ತು. ಅಮೋಲನಿಗೆ ನೀನೇ ಫೋನ್ ಮಾಡು ಎಂದ ಅಪ್ಪ. ಇಷ್ಟು ದಿನ ಮುಂದೂಡಿದ್ದ ಕರೆ ಅದು. ಅವನು ಎತ್ತಿದ ಕೂಡಲೇ ಅವಳು ಮೋಟಾರಿನ ಮಾತು ಬಿಟ್ಟು, "ಅಮೋಲಣ್ಣ, ಆ ಕಾಗದ ಬರದಾಕಿ ನಾನ. ನನ್ನಿಂದ ತಪ್ಪಾತು," ಎಂದಳು.

"ಗೊತ್ತದರಿ ಅಕ್ಕಾರ. ಬಿಡೂವಾಗ ಸಾಹೇಬ್ರು ಹೇಳಿದ್ರು. ತಪ್ಪಾಗೇದಂತ ನೀವ ಹೇಳಿದ್ದೂ ಹೇಳಿದ್ರು." ದನಿಯಲ್ಲಿ ಸಿಟ್ಟಿರಲಿಲ್ಲ.

"ಅಂಗಡಿಗಿ ಹೋಗಾಕತ್ತೀರಿ?"

"ಅಲ್ಲಿ ಬ್ಯಾರೆದಾಂವ ಬಂದಾನ್ರಿ. ಮನ್ಯಾಗ ಅದೀನಿ."

ಅವಳು ತಡವರಿಸುತ್ತ ಮೋಟಾರಿನ ವಿಷಯ ಹೇಳಿದಳು. ಈ ರವಿವಾರ ಬರಲು ಆಗುತ್ತದೆಯೇ ಎಂದು ಕೇಳಿದಳು.

"ರವಿವಾರ ಅಂತೂ ಬ್ಯಾಡ್ರಿ," ಎಂದ ಅಮೋಲ. "ಈಗ ನನಗ ಎಲ್ಲಾ ದಿನಾ ಖಾಲಿನ ಅದಾವ. ಯಾವ ದಿನ ಬಂದ್ರ ನಿಮ್ಮ ಕಾಗದದಾಗ ಬರಂಗಿಲ್ಲ ಅನ್ನೂದು ನೀವ ನೋಡಿ ಹೇಳ್ರಿ ಅಕ್ಕಾರ. ಅವತ್ತ ಬರ್ತೀನಿ."

ಅವನು ನಿಜವಾಗಿಯೇ ಕೇಳುತ್ತಿದ್ದ. ಸಾರಿಕಾಳ ಎದುರಿಗೆ ಹೊಸ ವಹಿ ತೆರೆದಿತ್ತು, ಸೋಮವಾರದಿಂದ ರವಿವಾರದವರೆಗೆ ಏಳು ಖಾನೆ ಗೆರೆ ಹೊಡೆದು ಇಟ್ಟಿದ್ದಳು. ಒಂದೊಂದರ ಮೇಲೂ ಬೆರಳಿಟ್ಟು ನೋಡಿದಳು, ರವಿವಾರ ಮುಗಿದು ಬೆರಳು ಮತ್ತೆ ಸೋಮವಾರಕ್ಕೇ ಬಂತು. ಆ ಕಡೆ ಅಮೋಲ ಫೋನು ಇಡದೆ ಕಾಯುತ್ತಿದ್ದ.